ಹೀರೋಗೆ ನಲವತ್ತಡಿ... ನಮಗೆಷ್ಟಡಿ?

ಬೆಳ್ಳಿತೆರೆಯ ಮೇಲೆ ನೀವೂ ಬೇಕಾದಷ್ಟು ಬೋಟು ನೋಡಿದ್ದೀರಿ. ಹೀರೋ ಕಪ್ಪು ಕನ್ನಡಕ ಹಾಕ್ಕೊಂಡು ಚುಕ್ಕಾಣಿ ಹಿಡಿದಿರುತ್ತಾನೆ. ಹೀರೋಯಿನ್ ಮುಂದಿನ ತುದಿಯಲ್ಲಿ ಕೂದಲು ಹಾರಿಸುತ್ತಾ ನಿಂತಿರುತ್ತಾಳೆ. ಒಂದು ಪಲ್ಲವಿ, ಎರಡು ಚರಣ, ಮುಗೀತು... ಕಟ್! ಆ ಬೋಟು ಸಂಜೆ ದಡಕ್ಕೆ ಹೇಗೆ ವಾಪಸು ಬಂತು ಅನ್ನೋದನ್ನು ಯಾರೂ ತೋರಿಸೋದಿಲ್ಲ. ಯಾರ್‍ಯಾರು ವಾಂತಿ ಮಾಡಿಕೊಂಡರು, ಕಕ್ಕಸು ಎಲ್ಲಿತ್ತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಉಳಿದಿತ್ತು? ಉಹೂಂ, ಕೇಳಲೇಬೇಡಿ!

ನಾನು ಗಂಗೊಳ್ಳಿ ಕಡೆಯವನು. 1987ರಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ ಬಂದಾಗ, ಅಣ್ಣಾವ್ರು ಕಡಲಿಗೆ ಇಳಿಯೋದನ್ನು ನೋಡಲಿಕ್ಕೇ ಮೂರು ಸಲ ಥಿಯೇಟರಿಗೆ ಹೋದ ಹುಡುಗ. ಆಮೇಲೆ ನಮ್ಮೂರ ಎಷ್ಟೋ ಹುಡುಗರ ಹಾಗೆ ಮುಂಬಯಿ ಬಸ್ಸು ಹತ್ತಿದೆ. ಅಕ್ಕನ ಗಂಡ ಅಲ್ಲಿ ಹೋಟೆಲ್ ನಡೆಸುತ್ತಿದ್ದರು, ನಾನು ಗಲ್ಲೆಯ ಮೇಲೆ ಕೂತೆ. ಭಾವನೂ ನನ್ನ ಹಾಗೇ ಸಿನಿಮಾ ಹುಚ್ಚಿನವರು. ಹೋಟೆಲು ಚೆನ್ನಾಗಿ ಕುದುರಿದ ಮೇಲೆ ಅವರಿಗೆ ಬೋಟಿನ ಹುಚ್ಚು ಹತ್ತಿತು.

ಬೋಟು ಅಂದರೆ ಬರೀ ಬೋಟಲ್ಲ, ಕ್ಯಾಬಿನ್ ಕ್ರೂಸರ್! ಒಳಗೆ ಮಲಗೋಕೆ ಪುಟ್ಟ ಕೋಣೆ, ಒಂದು ಸ್ಟೌ, ಒಂದು ಕಕ್ಕಸು ಇರೋ ಮೋಟಾರು ಬೋಟು. ಶನಿವಾರ ಗೇಟ್‌ವೇಯಿಂದ ಹೊರಟು ದಕ್ಷಿಣಕ್ಕೆ ಮಾಂಡ್ವಾ. ಫೆರಿಯಲ್ಲಾದರೆ ಒಂದು ಗಂಟೆ ದಾರಿ. ರಾತ್ರಿ ಅಲ್ಲೇ ಲಂಗರು, ಭಾನುವಾರ ಅಲಿಬಾಗ್ ಕಡೆ ಒಂದು ಸುತ್ತು, ಸಂಜೆ ಮನೆ. ಇದು ಭಾವನ ಪ್ಲಾನು.

2012ರ ಜನವರಿಯಲ್ಲಿ 19 ಅಡಿಯದ್ದೊಂದು ಕೈಬದಲಾದ ಬೋಟು ಸಿಕ್ಕಿತು. ಹಿಂದೆ ಒಂದೇ ಪೆಟ್ರೋಲ್ ಔಟ್‌ಬೋರ್ಡ್, ಮುಂದೆ ಬೊಂಬೆಮನೆಯಂಥ ಕ್ಯಾಬಿನ್ನು. “ಹ್ವಾಯ್, ನೀ ಕಡಲ ಮಗ ಅಲ್ದಾ, ಹೇಳು ಮಾರಾಯ” ಅಂದರು ಭಾವ. ನನಗೆ ಗೊತ್ತಿದ್ದದ್ದು ಊರಿನ ನಾಡದೋಣಿ ಅಷ್ಟೇ. ಆದರೂ ಗತ್ತಿನಲ್ಲಿ “ತಕಣಿ ಭಾವ” ಅಂದುಬಿಟ್ಟೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೋಟಿನ ತಗಡಿನ ಮೇಲೆ ‘5 ಜನ’ ಅಂತ ಬರೆದಿತ್ತು. ಹತ್ತಿದವರು ಎಂಟು ಜನ. ಅಕ್ಕ, ಏಳು ವರ್ಷದ ಅಳಿಯ, ಭಾವನ ಇಬ್ಬರು ಸ್ನೇಹಿತರು, ಅವರ ಹೆಂಡಿರು... ಎಂಟಕ್ಕೆ ಹೂಂ ಅಂದವನು ನಾನೇ ಸ್ವಾಮಿ, ಬೇರೆ ಯಾರೂ ಅಲ್ಲ. ಬೆಳಗ್ಗೆ ಕಡಲು ಎಣ್ಣೆ ಸುರಿದ ಹಾಗೆ ಇತ್ತು. ಮಾಂಡ್ವಾಕ್ಕೆ ಹಾಡು ಹೇಳಿಕೊಂಡೇ ಹೋದೆವು. ಮಧ್ಯಾಹ್ನ ಮೂರಕ್ಕೆ ವಾಪಸು ಹೊರಟೆವು ನೋಡಿ, ಆಗ ಶುರುವಾಯಿತು ರೀಲು ಬದಲಾವಣೆ!

ಆ ಕಡೆ ಬೇಸಿಗೆಯ ಮಧ್ಯಾಹ್ನ ವಾಯವ್ಯದ ಗಾಳಿ ಏಳುತ್ತೆ. ಅದೇ ಹೊತ್ತಿಗೆ ಇಳಿತದ ನೀರು ಬಂದರಿನ ಬಾಯಿಂದ ಹೊರಕ್ಕೆ ಓಡುತ್ತಿದ್ದರೆ, ಎದುರುಬದುರಾಗಿ ಎರಡೂ ಗುದ್ದಾಡಿ ಅಲೆ ಗಿಡ್ಡವಾಗಿ, ಕಡಿದಾಗಿ ನಿಲ್ಲುತ್ತೆ. ದೊಡ್ಡ ಫೆರಿಗೆ ಅದು ಲೆಕ್ಕಕ್ಕಿಲ್ಲ. 19 ಅಡಿಗೆ ಪ್ರತಿ ಅಲೆಯೂ ಒಂದೊಂದು ಗುಂಡಿ. ಎಂಟು ಜನರ ಭಾರಕ್ಕೆ ಬೋಟಿನ ಹಿಂಭಾಗ ಕೂತುಬಿಟ್ಟಿತ್ತು. ಒಳಗೆ ಜಾಗ ಇಲ್ಲ ಅಂತ ಇಬ್ಬರು ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದರು, ಜೊತೆಗೆ ನಮ್ಮ ಹುಡುಗನೂ. ಭಾರ ಮೇಲಕ್ಕೆ ಹೋದಷ್ಟೂ ಬೋಟಿನ ತೂಗಾಟ ಜಾಸ್ತಿ. ಇದನ್ನು ನಾಡದೋಣಿಯಲ್ಲಿ ಐದು ವರ್ಷದ ಮಗೂಗೂ ಹೇಳಿಕೊಟ್ಟಿರುತ್ತಾರೆ. ನಾನು ಮರೆತಿದ್ದೆ.

ಒಂದು ಅಲೆ ಮಗ್ಗುಲಿಗೆ ಬಡೀತು. ಹುಡುಗ ಜಾರಿದ. ನನ್ನ ಕೈಗೆ ಸಿಕ್ಕಿದ್ದು ಅವನ ಅಂಗಿ ಕಾಲರು ಮಾತ್ರ. ಕಾಲು ನೀರಿಗೆ ತಾಗಿತ್ತು. ಲೈಫ್ ಜಾಕೆಟ್ ಐದಿದ್ದವು, ಐದೂ ಸೀಟಿನ ಕೆಳಗೆ ಭದ್ರವಾಗಿದ್ದವು!

ಅಷ್ಟರಲ್ಲಿ ಇಂಜಿನ್ನು ಕೆಮ್ಮಿ ನಿಂತುಹೋಯಿತು. ಕುಲುಕಾಟಕ್ಕೆ ಟ್ಯಾಂಕಿನ ತಳದ ಕೊಳೆ ಎದ್ದು ಫಿಲ್ಟರು ಕಟ್ಟಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಲಂಗರು ಹಾಕೋಣ ಅಂದರೆ ಹಗ್ಗ ಹದಿನೈದೇ ಮೀಟರು. ಆರು ಮೀಟರು ನೀರಿಗೆ ಕಡೇಪಕ್ಷ ಮೂವತ್ತು ಮೀಟರು ಬೇಕು, ಇಲ್ಲದಿದ್ರೆ ಲಂಗರು ಮಣ್ಣು ಕಚ್ಚದೆ ಎಳೆದುಕೊಂಡೇ ಬರುತ್ತೆ. ಜೆಟ್ಟಿಗೆ ಕಟ್ಟೋ ಹಗ್ಗಗಳನ್ನೆಲ್ಲ ಗಂಟು ಹಾಕಿ ಇಳಿಬಿಟ್ಟೆವು. ಕಚ್ಚಿತು. ಒಂದೂವರೆ ಗಂಟೆ ಹಾಗೇ ಕುಣಿದೆವು. ಕೊನೆಗೆ ಕೋಳಿ ಮೀನುಗಾರರ ದೋಣಿಯೊಂದು ಕಂಡು, ಎಳೆದುಕೊಂಡು ಬಂತು. ಅಕ್ಕ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಭಾವನಿಗೆ ಬುದ್ಧಿ ಬಂತಾ? ಬಂತು, ಆದರೆ ತಿರುಗಾಮುರುಗಾ! “ಸಣ್ಣದಾದದ್ದೇ ತಪ್ಪು, ಇನ್ ದೊಡ್ಡದೇ ತಕಂಬ” ಅಂತ 42 ಅಡಿಯದ್ದೊಂದನ್ನು ನೋಡಿಬಂದರು. ಮೇಲೊಂದು ಅಟ್ಟ, ಎರಡು ಡೀಸೆಲ್ ಇಂಜಿನ್, ಥೇಟ್ ಸಿನಿಮಾ ಬೋಟು. ಅದಕ್ಕಾಗಿ ಹೋಟೆಲಿನ ಅರ್ಧ ಪಾಲು ಮಾರೋ ಮಾತು ಎತ್ತಿದರು. ಹದಿನೆಂಟು ವರ್ಷ ಬೆವರು ಸುರಿಸಿದ ಹೋಟೆಲು!

ಸಿನಿಮಾದವರ ಬೋಟುಗಳ ಕತೆ ಇಲ್ಲೊಂದಿಷ್ಟು ಹೇಳಲೇಬೇಕು. ಹಾಲಿವುಡ್ಡಿನ ಹಂಫ್ರಿ ಬೋಗಾರ್ಟ್‌ಗೆ ಆಸ್ಕರ್ ತಂದುಕೊಟ್ಟ 1951ರ ‘ದಿ ಆಫ್ರಿಕನ್ ಕ್ವೀನ್’ ಚಿತ್ರದ ಬೋಟು ಬರೀ 30 ಅಡಿ. ಅವನ ಸ್ವಂತ ಹಾಯಿ ಹಡಗು ‘ಸಂತಾನಾ’ 55 ಅಡಿ. ಜಾನ್ ವೇಯ್ನ್ ಅಂತೂ ಯುದ್ಧಕಾಲದ ಹಳೇ ನೌಕೆಯನ್ನೇ ಕೊಂಡ, 136 ಅಡಿ! ಅವರಿಗೆಲ್ಲ ಸಂಬಳದ ಆಳುಗಳಿದ್ದರು. ಇನ್ನು 1975ರ ‘ಜಾಸ್’? ಶಾರ್ಕಿಗೆ ಎದುರಾಗಿ ಆ ‘ಓರ್ಕಾ’ ಬೋಟು ಸಾಲದೇ ಹೋಗೋದು ಕಥೆಯಲ್ಲಿ. ಷೂಟಿಂಗಿನಲ್ಲೂ ಒಂದು ದಿನ ಅದು ಕ್ಯಾಮೆರಾ ಸಮೇತ ಮುಳುಗಿತ್ತು. 55 ದಿನಕ್ಕೆ ಅಂತ ಹೊರಟ ಷೂಟಿಂಗ್ 159 ದಿನ ಎಳೆಯಿತು. ಕಡಲು ಯಾವ ನಿರ್ದೇಶಕನ ಮಾತೂ ಕೇಳೋದಿಲ್ಲ.

ನಮ್ಮನ್ನು ಎಳೆದು ತಂದ ದೋಣಿಯ ಮುದುಕ ತಾಂಡೇಲರನ್ನೇ ಹುಡುಕಿಕೊಂಡು ಹೋದೆ. “ಕಾಕಾ, ನೀವೇ ಭಾವನಿಗೆ ಒಂದು ಮಾತು ಹೇಳಿ” ಅಂದೆ. 42 ಅಡಿ ಬೋಟಿನ ಟ್ರಯಲ್ಲಿಗೆ ಅವರೂ ಬಂದರು. ಏನೂ ಮಾತಾಡದೆ ಬೀಡಿ ಎಳೆಯುತ್ತಾ ಕೂತಿದ್ದರು. ವಾಪಸು ಬರುವಾಗ ಮರಾಠಿಯಲ್ಲಿ ಕೇಳಿದರು: “ಶೇಟ್, ರಾತ್ರಿ ಇದರಲ್ಲಿ ಮಲಗೋರು ಎಷ್ಟು ಜನ? ಬೆಳಗ್ಗೆ ಬಂದು ಹೋಗೋರಲ್ಲ, ಮಲಗೋರು?”

ಭಾವ ಲೆಕ್ಕ ಹಾಕಿದರು. ಅವರು, ಅಕ್ಕ, ಹುಡುಗ, ನಾನು. ನಾಲ್ಕು.

“ಗಾಳಿಯಲ್ಲಿ ಹಗ್ಗ ಹಿಡಿಯೋ ಕೈ ಎಷ್ಟು?” ಭಾವನದ್ದು, ನನ್ನದು. ಹತ್ತು ಹನ್ನೆರಡು ಟನ್ ತೂಕದ ಬೋಟನ್ನು ಮಗ್ಗುಲ ಗಾಳಿಯಲ್ಲಿ ಇಬ್ಬರು ಹವ್ಯಾಸಿಗಳು ಬೋಯಾಕ್ಕೆ ಕಟ್ಟೋದು ಹುಡುಗಾಟವಲ್ಲ. ತಿಂಗಳ ಸಂಬಳಕ್ಕೆ ತಾಂಡೇಲ ಬೇಕು, ಖಲಾಸಿ ಬೇಕು. “ನೀರು ಇಳಿದಾಗ ಎಲ್ಲಿ ನಿಲ್ಲಿಸ್ತೀರಿ?” ಮುಂಬಯಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆ ಸುತ್ತ ಭರತ-ಇಳಿತದ ಅಂತರ ನಾಲ್ಕು ಮೀಟರಿಗೂ ಮೇಲೆ. ಅಲಿಬಾಗಿನ ಕೊಲಾಬಾ ಕೋಟೆಗೆ ಇಳಿತದಲ್ಲಿ ಜನ ನಡೆದೇ ಹೋಗುತ್ತಾರೆ! ನಾಲ್ಕಡಿ ನೀರು ಬೇಡೋ ಬೋಟು ಆ ಕಡೆಯ ಖಾಡಿಗಳಲ್ಲಿ ಕೆಸರಿಗೆ ಕೂರುತ್ತೆ. ಎರಡೂವರೆ ಅಡಿಯದ್ದು ಇನ್ನೊಂದು ಗಂಟೆ ತೇಲುತ್ತೆ.

ಬೋಟಿನ ಗಣಿತ ಬಟ್ಟೆಯ ಗಣಿತ ಅಲ್ಲ. 20 ಅಡಿಯದ್ದನ್ನೇ ಅದೇ ಆಕಾರದಲ್ಲಿ 30 ಅಡಿ ಮಾಡಿದರೆ ಉದ್ದ ಒಂದೂವರೆ ಪಟ್ಟು, ಒಳಗಿನ ಜಾಗ ಮೂರು ಪಟ್ಟಿಗೂ ಜಾಸ್ತಿ. ಬಣ್ಣ, ಇಂಜಿನ್, ರಿಪೇರಿ ಖರ್ಚೂ ಅದರ ಬಾಲ ಹಿಡಿದು ಏರುತ್ತವೆ. ಆ 42 ಅಡಿಯದ್ದು ಜೋರಾಗಿ ಓಡಿದರೆ ಗಂಟೆಗೆ ನೂರು ಲೀಟರಿಗೂ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. ಅದೂ ಮಳೆಗಾಲದಲ್ಲಿ ಸುಮ್ಮನೆ ಮೇಲೆತ್ತಿ ಇಡಬೇಕಾದ ಬೋಟು. ಜೂನ್‌ನಿಂದ ಆಗಸ್ಟ್ ತನಕ ಮಾಂಡ್ವಾಕ್ಕೆ ಗೇಟ್‌ವೇ ಫೆರಿಗಳೇ ಹೋಗೋದಿಲ್ಲ.

ಆ ರಾತ್ರಿ ಭಾವ ಊಟ ಮಾಡಲಿಲ್ಲ. ಮರುದಿನ ಪಾಲು ಮಾರೋ ಮಾತು ಬಿಟ್ಟರು.

ಎಂಟು ತಿಂಗಳು ಹುಡುಕಿ 27 ಅಡಿಯದ್ದು ತಗೊಂಡೆವು. ಒಂದೇ ಡೀಸೆಲ್ ಇಂಜಿನ್ನು. ಪೆಟ್ರೋಲ್ ಬೇಡವೇ ಬೇಡ ಅಂದೆ. ಅದರ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತಿರುತ್ತೆ. ಜಾಹೀರಾತಿನಲ್ಲಿ ‘ಆರು ಜನ ಮಲಗಬಹುದು’ ಅಂತಿತ್ತು. ಖರೀದಿಗೆ ಮೊದಲು ನಾವು ನಾಲ್ವರೂ ಕ್ಯಾಬಿನ್ನಿನಲ್ಲಿ ಒಂದು ತಾಸು ಸುಮ್ಮನೆ ಮಲಗಿ ನೋಡಿದೆವು, ಬ್ರೋಕರ್ ನಗುತ್ತಾ ನಿಂತಿದ್ದ. ನಾಲ್ವರಿಗೆ ಸರಿಹೋಯಿತು. ಐದನೆಯವನು ಬಂದರೆ ಯಾರದ್ದಾದರೂ ಕಾಲು ಯಾರದ್ದಾದರೂ ಮೂಗಿಗೆ! ನಿಂತರೆ ತಲೆ ತಾಗೋದಿಲ್ಲ, ಕಕ್ಕಸಿಗೆ ಬಾಗಿಲಿದೆ. ಇದು ಅಕ್ಕನ ಷರತ್ತಾಗಿತ್ತು, ನ್ಯಾಯವಾದದ್ದೇ. ಹಗಲು ಆರೇ ಜನ, ಏಳನೆಯವರು ಪರಮಾಪ್ತರಾದರೂ ಜೆಟ್ಟಿಯಲ್ಲೇ. ಟ್ಯಾಂಕಿನ ಮೂರನೇ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಬರಲಿಕ್ಕೆ, ಇನ್ನೊಂದನ್ನು ಮುಟ್ಟೋ ಹಾಗಿಲ್ಲ. ಬೇಸಿಗೆಯಲ್ಲಿ ವಾಪಸು ಹೊರಡೋದು ಬೆಳಗ್ಗೆ ಹತ್ತರೊಳಗೆ.

ಆ ಬೋಟು ಇವತ್ತಿಗೂ ಇದೆ. ಅಂದು ಕಾಲರಿಗೆ ನೇತಾಡಿದ ಹುಡುಗ ಈಗ ಚುಕ್ಕಾಣಿ ಹಿಡೀತಾನೆ, ಕಪ್ಪು ಕನ್ನಡಕ ಹಾಕ್ಕೊಂಡು! ಜಾಕೆಟ್ಟಿನ ಗುಂಡಿ ಹಾಕೋ ತನಕ ನಾನು ಕೀಲಿ ಕೊಡೋದಿಲ್ಲ. ಅಕ್ಕ ಮಾತ್ರ ಹಗ್ಗ ಬಿಚ್ಚೋ ಹೊತ್ತಿಗೆ ಹತ್ತೋದಿಲ್ಲ. 2020ರಲ್ಲಿ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಕಾರು ಸಾಗಿಸೋ ದೊಡ್ಡ ರೋ-ರೋ ಫೆರಿ ಶುರುವಾಯಿತಲ್ಲ, ಅದರಲ್ಲಿ ಟಿಕೆಟ್ ಕೊಂಡು ಬರುತ್ತಾಳೆ. ರಾತ್ರಿ ನಮ್ಮ ಬೋಟಿನಲ್ಲೇ ಮಲಗುತ್ತಾಳೆ, ಮೀನುಸಾರು ಮಾಡುತ್ತಾಳೆ. ಬೆಳಗ್ಗೆ ಮತ್ತೆ ಫೆರಿ. ನಾವು ಮೂವರು ಮೊದಲೇ ಹೋಗಿ ಮಾಂಡ್ವಾ ಜೆಟ್ಟಿಯಲ್ಲಿ ಅವಳಿಗಾಗಿ ಕಾಯುತ್ತಾ ನಿಂತಿರುತ್ತೇವೆ.