ಹನಿ ರಕ್ತಕ್ಕೊಂದು ಹೆಸರು

‘ತುಂಗಾ ಪಾನ, ಗಂಗಾ ಸ್ನಾನ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಆ ತುಂಗೆಯ ದಡದಲ್ಲಿದೆ ಶಿವಮೊಗ್ಗ. ಅಲ್ಲಿಂದ ಸುಮಾರು 20 ಕಿಲೋಮೀಟರು ಸಾಗಿದರೆ ಭದ್ರೆಯ ದಡದಲ್ಲಿದೆ ಭದ್ರಾವತಿ. ಪ್ರವಾಸಕ್ಕೆ ಬಂದವರು ಶಿವಪ್ಪನಾಯಕನ ಅರಮನೆಯನ್ನು ನೋಡುತ್ತಾರೆ. ಸಕ್ಕರೆಬೈಲಿನ ಆನೆಗಳ ಜಳಕವನ್ನು ಮಕ್ಕಳಿಗೆ ತೋರಿಸುತ್ತಾರೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಹೊಯ್ಸಳ ಶಿಲ್ಪಿಯ ಕೈಚಳಕಕ್ಕೆ ತಲೆದೂಗಿ ಜೋಗದ ದಾರಿ ಹಿಡಿಯುತ್ತಾರೆ. ಆದರೆ ಈ ಸೀಮೆಯ ಜನ ವರ್ಷವಿಡೀ ಕೈಗೊಳ್ಳುವ ಯಾತ್ರೆ ಬೇರೊಂದುಂಟು. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬಂದು ಬಸ್ಸಿಳಿದವರಲ್ಲಿ ಹಲವರ ಕೈಚೀಲದಲ್ಲಿ ಬುತ್ತಿಯ ಜೊತೆಗೆ ವೈದ್ಯರ ಚೀಟಿಯೂ ಇರುತ್ತದೆ. ಅವರ ದಾರಿ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗೆ.

ಆಸ್ಪತ್ರೆಯ ರಕ್ತ ತೆಗೆಯುವ ಕೊಠಡಿಯಲ್ಲಿ ನೋಡತಕ್ಕದ್ದೇನಿದೆ ಎಂದು ಓದುಗರು ಕೇಳಬಹುದು. ಒಂದು ಮೇಜು, ಒಂದು ಕುರ್ಚಿ, ಸ್ಪಿರಿಟ್ಟಿನ ವಾಸನೆ, ಸಾಲಾಗಿ ನಿಲ್ಲಿಸಿದ ಪುಟ್ಟ ನಳಿಕೆಗಳು. ಎಲ್ಲ ಊರಿನ ಇಂಥ ಕೊಠಡಿಗಳೂ ಒಂದೇ ಬಗೆ. ಆದರೆ ಅಲ್ಲಿ ಸೂಜಿಗಿಂತ ಮೊದಲು ಬರುವುದು ಒಂದು ಪ್ರಶ್ನೆ. “ನೀವು ಗಂಗಮ್ಮ ಅಲ್ವಾ?” ಎಂದು ಕೇಳುವುದು ಸಲ್ಲದು. “ನಿಮ್ಮ ಹೆಸರು ಹೇಳಿ, ಅಜ್ಜಿ” ಎಂದೇ ಕೇಳಬೇಕು. ಭಯದಲ್ಲಿರುವವರು, ಕಿವಿ ಮಂದವಾದವರು ಯಾವ ಪ್ರಶ್ನೆಗೂ ‘ಹೂಂ’ ಎಂದುಬಿಡುತ್ತಾರೆ. ಗಂಗಮ್ಮನ ಜಾಗದಲ್ಲಿ ಕುಳಿತ ಗೌರಮ್ಮನೂ ‘ಹೂಂ’ ಎಂದಾಳು!

ಹೆಸರೊಂದೇ ಸಾಲದೆ ವಯಸ್ಸು, ಆಸ್ಪತ್ರೆಯ ಸಂಖ್ಯೆ, ತಂದೆಯ ಅಥವಾ ಗಂಡನ ಹೆಸರು ಇವನ್ನೂ ಕೇಳುತ್ತಾರೆ. ಇಲ್ಲೊಂದು ತೊಡಕುಂಟು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಬೆಳೆದುಬಂದ ಹಿರಿಯ ಹೆಂಗಸರು ನಮ್ಮಲ್ಲಿ ಇನ್ನೂ ಇದ್ದಾರೆ. ಮದುವೆಯ ಮನೆಯಲ್ಲಾದರೆ ಒಡಪು ಕಟ್ಟಿ ಹೇಳಿ ನಗಿಸಬಹುದು. ಆಸ್ಪತ್ರೆಯ ಮೇಜಿನ ಮುಂದೆ ಒಡಪಿಗೆಲ್ಲಿಯ ಎಡೆ? ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಮೊಮ್ಮಗನ ಮುಖ ನೋಡುತ್ತಾಳೆ. ಅವನು ಅಜ್ಜನ ಹೆಸರನ್ನು ಹೇಳುತ್ತಾನೆ. ತಂತ್ರಜ್ಞೆ ನಸುನಕ್ಕು ಬರೆದುಕೊಳ್ಳುತ್ತಾಳೆ.

ಮುಂದಿನದು ಒಂದೆರಡು ನಿಮಿಷದ ಕೆಲಸ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯ ಮಡಿಕೆಯಲ್ಲಿ ಬೆರಳಾಡಿಸಿ ನರವನ್ನು ಹುಡುಕುತ್ತಾರೆ. ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಬಿಗಿದಿಡಬಾರದು. ಇಟ್ಟರೆ ರಕ್ತದಲ್ಲಿನ ಅಂಶಗಳ ಪ್ರಮಾಣವೇ ವ್ಯತ್ಯಾಸವಾಗುತ್ತದೆ. ನಳಿಕೆಗಳ ಮುಚ್ಚಳದ ಬಣ್ಣಗಳಿಗೂ ಅರ್ಥವುಂಟು. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲವಣವಿದೆ. ರಕ್ತಕಣಗಳ ಎಣಿಕೆ ಅದರಲ್ಲಿ. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿಯಾದ ಸೀರಂ ನಿಲ್ಲುತ್ತದೆ. ಸಕ್ಕರೆಯ ಪರೀಕ್ಷೆಗೆ ಬೂದು ಮುಚ್ಚಳ. ಹೊರಗೆ ಬಂದಮೇಲೂ ಜೀವಂತವಾಗಿರುವ ರಕ್ತಕಣಗಳು ಸಕ್ಕರೆಯನ್ನು ತಿಂದುಹಾಕದಂತೆ ಕಾಯುವ ಫ್ಲೋರೈಡ್ ಅದರಲ್ಲಿರುತ್ತದೆ. ನೇರಳೆ ನಳಿಕೆಯ ಲವಣ ಕೆಂಪು ನಳಿಕೆಗೆ ಸ್ವಲ್ಪ ಸೇರಿದರೂ ಪೊಟ್ಯಾಸಿಯಂ ಏರಿದಂತೆಯೂ ಕ್ಯಾಲ್ಸಿಯಂ ಇಳಿದಂತೆಯೂ ಸುಳ್ಳು ವರದಿ ಬರುತ್ತದೆ. ಆದ್ದರಿಂದ ಕೆಂಪು ಮೊದಲು, ನೇರಳೆ ಆಮೇಲೆ, ಬೂದು ಕೊನೆಗೆ. “ಅಯ್ಯೋ, ಎಷ್ಟು ರಕ್ತ ತೆಗೆದರು!” ಎಂದು ನಿಟ್ಟುಸಿರಿಡುವವರಿಗೆ ಒಂದು ಸಮಾಧಾನ: ದೊಡ್ಡವರ ಮೈಯಲ್ಲಿ 5 ಲೀಟರಿನಷ್ಟು ರಕ್ತವಿರುತ್ತದೆ, ಈ ನಳಿಕೆಗಳಿಗೆ ಹೋಗುವುದು ಕೆಲವೇ ಚಮಚೆ.

ರಕ್ತ ತುಂಬಿದ ಕೂಡಲೇ, ರೋಗಿ ಕುರ್ಚಿಯಿಂದ ಏಳುವ ಮುನ್ನವೇ, ಅವನ ಎದುರಿನಲ್ಲೇ ಚೀಟಿ ಬರೆದು ಅಂಟಿಸಬೇಕೆಂಬುದು ಈ ವೃತ್ತಿಯ ಮೊದಲ ನೇಮ. ‘ಆಮೇಲೆ ಬರೆದರಾಯಿತು’ ಎಂಬ ಮಾತು ಇಲ್ಲಿ ನಡೆಯದು. ಹತ್ತು ಜನರ ರಕ್ತವನ್ನು ಹತ್ತು ನಳಿಕೆಗಳಲ್ಲಿಟ್ಟರೆ, ಯಾವುದು ಸಾಹುಕಾರನದು, ಯಾವುದು ಕೂಲಿಯವನದು ಎಂದು ಬ್ರಹ್ಮನೂ ಬಣ್ಣ ನೋಡಿ ಹೇಳಲಾರ.

ಚೀಟಿಯ ಈ ಮಹತ್ವವನ್ನು ಮಲೆನಾಡು ಚೆನ್ನಾಗಿ ಬಲ್ಲದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಮಂಗಗಳಿಂದಲೂ ರೋಗಿಗಳಿಂದಲೂ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ, ಜಗತ್ತು ಅದುವರೆಗೆ ಅರಿಯದ ವೈರಾಣುವೊಂದು ಸಿಕ್ಕಿತು. ಅದನ್ನು ಹರಡುವುದು ಕಾಡಿನ ಉಣುಗು. ನಾವು ಮಂಗನ ಕಾಯಿಲೆ ಎನ್ನುವ ಈ ರೋಗಕ್ಕೆ ವೈದ್ಯಗ್ರಂಥಗಳಲ್ಲಿ ಅದು ಕಂಡ ಕಾಡಿನ ಹೆಸರೇ ನಿಂತಿತು. ಕನ್ನಡ ನಾಡಿನ ಒಂದು ಮೂಲೆಯ ಕಾಡು ಹೀಗೆ ಲೋಕವಿಖ್ಯಾತವಾದುದು ಹೆಮ್ಮೆಪಡುವ ಸಂಗತಿಯಲ್ಲ. ಮರೆಯುವ ಸಂಗತಿಯೂ ಅಲ್ಲ.

2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಆಸುಪಾಸಿನಲ್ಲಿ ಈ ರೋಗ ಹಲವರನ್ನು ಬಲಿ ತೆಗೆದುಕೊಂಡಿತು. ಇಂಥ ಜ್ವರದ ಮಾದರಿಯನ್ನು ಮೂರು ಪದರದ ಹೊದಿಕೆಯಲ್ಲಿಟ್ಟು, ತಂಪು ಕೆಡದಂತೆ ಪ್ರಯೋಗಾಲಯಕ್ಕೆ ಸಾಗಿಸುತ್ತಾರೆ. ಅದರ ಚೀಟಿಯಲ್ಲೂ ಜೊತೆಗಿನ ಕಾಗದದಲ್ಲೂ ಹೆಸರಿನಷ್ಟೇ ಮುಖ್ಯವಾದುದು ದಿನಾಂಕ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಾಣುವೇ ಇರುತ್ತದೆ. ದಿನ ಕಳೆದಂತೆ ಅದು ಮರೆಯಾಗಿ, ಅದರ ವಿರುದ್ಧ ಮೈ ಹೂಡಿದ ಪ್ರತಿಕಾಯಗಳು ಕಾಣುತ್ತವೆ. ಯಾವುದನ್ನು ಹುಡುಕಬೇಕೆಂಬುದನ್ನು ನಿರ್ಧರಿಸುವುದು ‘ಜ್ವರ ಬಂದು ಎಷ್ಟು ದಿನವಾಯಿತು?’ ಎಂಬ ಪ್ರಶ್ನೆಯ ಉತ್ತರ. “ಮೊನ್ನೆ ಸಂತೆಯ ದಿನ ಚಳಿ ಹಿಡೀತು” ಎಂಬ ಹಳ್ಳಿಗನ ಮಾತನ್ನು ತಾರೀಖಿಗೆ ತಿರುಗಿಸಿ ಬರೆಯುವ ಆರೋಗ್ಯ ಕಾರ್ಯಕರ್ತೆ, ವಿಜ್ಞಾನಿಯ ಅರ್ಧ ಕೆಲಸವನ್ನು ಅಲ್ಲೇ ಮುಗಿಸಿರುತ್ತಾಳೆ.

ಶಿವಮೊಗ್ಗವನ್ನು ಬಿಟ್ಟು ಭದ್ರಾವತಿಗೆ ಬಂದರೆ ನೋಟ ಬದಲಾಗುತ್ತದೆ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ, ಹೆಸರಿಗೆ ತಕ್ಕಂತೆ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಆ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಉಕ್ಕಿನ ಕೆಲಸದಲ್ಲೂ ಒಂದು ನೇಮವುಂಟು: ಕುಲುಮೆಯ ಪ್ರತಿಯೊಂದು ಪಾಕಕ್ಕೂ ಒಂದು ಸಂಖ್ಯೆ, ಅದರ ತುಣುಕು ಆ ಸಂಖ್ಯೆ ಹೊತ್ತು ಪ್ರಯೋಗಾಲಯಕ್ಕೆ ಹೋಗಬೇಕು. ನಮ್ಮ ಮೈಯಲ್ಲಿಯೂ ಕಬ್ಬಿಣವಿದೆ, 3-4 ಗ್ರಾಂ ಮಾತ್ರ. ಅದರ ಬಹುಪಾಲು ರಕ್ತದಲ್ಲಿ. ಭದ್ರಾವತಿಯ ಉಕ್ಕಿಗೆ ಸಂಖ್ಯೆ ಬೇಕಾದರೆ, ಉಕ್ಕನ್ನು ಕಾಯಿಸಿದವನ ನೆತ್ತರಿಗೆ ಹೆಸರು ಬೇಡವೆ?

ಕಾರ್ಖಾನೆಯನ್ನು ನಂಬಿ ನಾನಾ ಕಡೆಯ ಜನ ಇಲ್ಲಿ ನೆಲೆಸಿದರು. ಕನ್ನಡದೊಡನೆ ತಮಿಳು, ತೆಲುಗು, ಉರ್ದು, ಮಲಯಾಳಗಳೂ ಬೀದಿಯಲ್ಲಿ ಕೇಳಿಬರುತ್ತವೆ. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥರೋ ಇಬ್ಬರು ಮುರುಗೇಶರೋ ಇದ್ದರೆ ಅಚ್ಚರಿಯಿಲ್ಲ. ಟಪಾಲು ಅದಲುಬದಲಾದರೆ ನೆರೆಯವರು ತಂದುಕೊಟ್ಟಾರು. ರಕ್ತದ ಚೀಟಿ ಅದಲುಬದಲಾದರೆ ತಂದುಕೊಡುವವರು ಯಾರು? ಮನುಷ್ಯರ ರಕ್ತದಲ್ಲಿ ಗುಂಪುಗಳುಂಟೆಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ‘ಒ’ ಗುಂಪಿನವನಿಗೆ ‘ಎ’ ಗುಂಪಿನ ರಕ್ತ ಹರಿಸಿದರೆ, ಬದುಕಿಸಬೇಕಾದ ರಕ್ತವೇ ಪ್ರಾಣಕ್ಕೆ ಮುಳುವಾದೀತು. ಅಷ್ಟು ದೊಡ್ಡ ಅನಾಹುತಕ್ಕೆ ಇಷ್ಟು ಸಣ್ಣ ಚೀಟಿ ಸಾಕು. ಆದ್ದರಿಂದಲೇ ಹೆಸರಿಲ್ಲದ ಅಥವಾ ಹೆಸರು ಹೊಂದದ ನಳಿಕೆಯನ್ನು ಒಳ್ಳೆಯ ಪ್ರಯೋಗಾಲಯ ಊಹೆಯಿಂದ ತಿದ್ದಿಕೊಳ್ಳುವುದಿಲ್ಲ. ಇನ್ನೊಮ್ಮೆ ರಕ್ತ ಕೇಳುತ್ತದೆ. “ಮತ್ತೆ ಚುಚ್ಚಬೇಕೆ?” ಎಂದು ನಾವು ಮುನಿಯುತ್ತೇವೆ. ಆ ಎರಡನೆಯ ಚುಚ್ಚು ನಮ್ಮ ಮೇಲಿನ ಕರುಣೆಯೆಂದು ತಿಳಿಯಬೇಕು.

ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗೆ, ಭದ್ರೆಯರು ತಮ್ಮ ತಮ್ಮ ಹೆಸರನ್ನು ಕೂಡಿಸಿಕೊಂಡು ತುಂಗಭದ್ರೆಯಾಗಿ ಹರಿಯುತ್ತಾರೆ. ನದಿಗಳಿಗೆ ಅದು ಶೋಭೆ, ಆಸ್ಪತ್ರೆಯ ನಳಿಕೆಗಳಿಗಲ್ಲ. ಮುಂದಿನ ಸಲ ಮನೆಯ ಹಿರಿಯರನ್ನೋ ಮಗುವನ್ನೋ ರಕ್ತಪರೀಕ್ಷೆಗೆ ಕರೆದೊಯ್ದಾಗ, ಸೂಜಿ ಹೊರಬಂದ ಕೂಡಲೇ ಎದ್ದು ಹೊರಡಬೇಡಿ. ಹತ್ತಿಯನ್ನು ಒತ್ತಿಹಿಡಿದು ಅರೆಗಳಿಗೆ ಕುಳಿತು, ಚೀಟಿಯ ಮೇಲಿನ ಹೆಸರನ್ನು ಒಮ್ಮೆ ಓದಿ. ಅದು ನಿಮ್ಮವರದೇ ಎಂದು ಖಚಿತವಾದ ಮೇಲೆ ಎದ್ದು ಬನ್ನಿ.