ಬೀಸೋಕಲ್ಲಿಗೆ ಮೂಡ್ ಯಾವುದು?

ಸಾಫ್ಟ್‌ವೇರ್ ಮಂದಿಗೆ ‘ಬೇಡ’ ಅನ್ನಿಸಿಕೊಳ್ಳೋದು ಹೊಸದೇನಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಆಪ್ಟಿಟ್ಯೂಡ್ ಟೆಸ್ಟಿಗೇ ಹೊರಗೆ ಬಿದ್ದವರಿದ್ದೇವೆ, ವೀಸಾ ಕೌಂಟರಿನಿಂದ ಸಪ್ಪೆ ಮುಖ ಹೊತ್ತು ಬಂದವರಿದ್ದೇವೆ. ‘ಹುಡುಗನಿಗೆ ಬೆಂಗಳೂರಲ್ಲಿ ಸ್ವಂತ ಮನೆ ಇಲ್ವಂತೆ’ ಅಂತ ಹೆಣ್ಣಿನ ಕಡೆಯವರು ಫೋನ್ ಇಟ್ಟ ಅನುಭವವೂ ನಮ್ಮಲ್ಲಿ ಸಾಕಷ್ಟು ಜನಕ್ಕಿದೆ. ಆದರೆ ಅಲ್ಲೆಲ್ಲ ಒಂದು ಅನುಕೂಲ ಇತ್ತು ನೋಡಿ. ಕಾರಣ ಏನು ಅಂತ ಯಾರಾದರೂ ಹೇಳ್ತಿದ್ದರು, ಹೇಳದಿದ್ದರೆ ನಮಗೇ ಗೊತ್ತಿರ್ತಿತ್ತು.

ಕಾರಣವೇ ಇಲ್ಲದ ‘ಬೇಡ’ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಸಂಗೀತ ಕಳಿಸೋಕೆ ಶುರು ಮಾಡಿದ ಮೇಲೆ. ಹಾಡಲ್ಲ, ಬರೀ ವಾದ್ಯ. ಕೊಳಲು, ಒಂದಿಷ್ಟು ಕೀಬೋರ್ಡು, ಅಷ್ಟಿಷ್ಟು ತಾಳ. ಆಫೀಸು ಮುಗಿಸಿ, ಮಗಳು ಮಲಗಿದ ಮೇಲೆ, ಕಿಟಕಿಗೆ ರಜಾಯಿ ಕಟ್ಟಿ ರೆಕಾರ್ಡ್ ಮಾಡ್ತೀನಿ. ರಜಾಯಿ ಯಾಕೆ ಅಂದರೆ ನಮ್ಮ ಬೀದಿ ನಾಯಿಗಳಿಗೆ ಕೊಳಲಿನ ತಾರಸ್ಥಾಯಿ ಕೇಳಿದರೆ ತಾವೂ ಸೇರಿಕೊಳ್ಳಬೇಕು ಅನ್ನಿಸುತ್ತೆ.

ಇದೆಂಥಾ ವ್ಯವಹಾರ ಅಂತ ಅಪ್ಪ ಒಂದ್ಸಲ ಕೇಳಿದ್ದ. ತಿಪಟೂರಿನ ಮಾರ್ಕೆಟ್ಟಿಗೆ ಕೊಬ್ಬರಿ ಹಾಕೋ ಮನುಷ್ಯನಿಗೆ ‘ಮ್ಯೂಸಿಕ್ ಲೈಸೆನ್ಸಿಂಗ್’ ಅಂತ ಹೆಂಗೆ ಹೇಳೋದು? ಶಾಮಿಯಾನ ಅಂಗಡಿ ಇದ್ದಂಗೆ ಕಣಪ್ಪ ಅಂದೆ. ಶಾಮಿಯಾನ ನಮ್ಮದೇ, ಮದುವೆ ಇನ್ನೊಬ್ಬರದು. ಬಾಡಿಗೆ ಕೊಟ್ಟು ಬಳಸ್ಕೋತಾರೆ. ಯೂಟ್ಯೂಬಿನಲ್ಲಿ ಯಾರೋ ನೀರ್ದೋಸೆ ಹುಯ್ಯುವಾಗ ಹಿಂದೆ ಟಿಂಗ್ ಟಿಂಗ್ ಅನ್ನುತ್ತಲ್ಲ, ಕಂಪನಿಯ ಟ್ರೈನಿಂಗ್ ವಿಡಿಯೋದಲ್ಲಿ ಸೂಟು ತೊಟ್ಟವರು ಕೈಕುಲುಕುವಾಗ ಪಿಯಾನೋ ಬರುತ್ತಲ್ಲ, ಅದನ್ನೆಲ್ಲ ಎಲ್ಲೋ ಕೂತು ಯಾರೋ ಮಾಡಿಟ್ಟಿರ್ತಾರೆ. ಲೈಬ್ರರಿ ಅಂತ ಮಧ್ಯೆ ಒಬ್ಬ ದಲ್ಲಾಳಿ. ಬಾಡಿಗೆಯಲ್ಲಿ ಅವನಿಗೊಂದು ಪಾಲು. ಶಾಮಿಯಾನಕ್ಕಿಂತ ಇದು ಒಂದು ವಿಷಯದಲ್ಲಿ ವಾಸಿ. ಒಂದೇ ಸಲಕ್ಕೆ ನೂರು ಮದುವೆಗೆ ಕೊಡಬಹುದು. ಅಪ್ಪ ಯೋಚನೆ ಮಾಡಿ, ‘ಅಂಗಾರೆ ಹರಿದೋಗಲ್ಲ’ ಅಂದ. ವ್ಯಾಪಾರ ಅರ್ಥ ಆಗಿತ್ತು.

ಈ ದಂಧೆ ಇಂಟರ್‌ನೆಟ್ಟಿನ ಸೃಷ್ಟಿಯೂ ಅಲ್ಲ. ಲಂಡನ್ನಿನ ಡಿ ವುಲ್ಫ್ ಅನ್ನುವ ಸಂಸ್ಥೆ 1909ರಷ್ಟು ಹಿಂದೆ, ಮೂಕಿ ಚಿತ್ರಗಳ ಕಾಲದಲ್ಲೇ ಶುರುವಾಗಿದ್ದು. ನಮ್ಮಂಥವರು ಮನೆಯಿಂದಲೇ ಕಳಿಸೋ ಹಾಗೆ ಆಗಿದ್ದು ಮಾತ್ರ ಇತ್ತೀಚೆಗೆ. ಕಳಿಸೋದು ಸುಲಭ ಆದಷ್ಟೂ ವಾಪಸ್ ಬರೋದೂ ಸುಲಭ ಆಯ್ತು.

ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಇಟ್ಟಿದ್ದೀನಿ, ಅಭ್ಯಾಸಬಲ. ಈವರೆಗೆ ಕಳಿಸಿದ್ದು 41. ಒಪ್ಪಿಗೆ ಆಗಿದ್ದು 9. ಉತ್ತರವೇ ಬರದಿದ್ದು 3. ಉಳಿದ 29ಕ್ಕೆ ಹೆಚ್ಚುಕಡಿಮೆ ಒಂದೇ ಒಕ್ಕಣೆ: ಕಳಿಸಿದ್ದಕ್ಕೆ ಧನ್ಯವಾದ, ಸದ್ಯದ ನಮ್ಮ ಅಗತ್ಯಕ್ಕೆ ಇದು ಹೊಂದುತ್ತಿಲ್ಲ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ. ಕೊಳಲು ಚೆನ್ನಾಗಿಲ್ಲವಾ, ಮಿಕ್ಸಿಂಗ್ ಸರಿಯಿಲ್ಲವಾ, ಕೇಳಿದವನಿಗೆ ಅವತ್ತು ಹೊಟ್ಟೆ ಹಸಿದಿತ್ತಾ? ಏನೂ ಇಲ್ಲ. ನಮ್ಮ ಕೋಡ್ ರಿವ್ಯೂನಲ್ಲಿ ಒಂದು ಸೆಮಿಕೋಲನ್ ಬಿಟ್ಟರೂ ನಾಲ್ಕು ಸಾಲಿನ ಕಾಮೆಂಟ್ ಹಾಕ್ತಾರೆ. ಆರು ವಾರ ಕೂತು ಮಾಡಿದ ಸಂಗೀತಕ್ಕೆ ನಾಲ್ಕು ಪದ ಬೇಡವಾ ಅಂತ ಒಂದು ರಾತ್ರಿ ಹೆಂಡತಿ ಹತ್ತಿರ ಕೂಗಾಡಿದೆ.

ಅವಳು ಸೊಪ್ಪು ಬಿಡಿಸುತ್ತಾ ಇದ್ದಳು. ತಲೆ ಎತ್ತದೆ ಕೇಳಿದಳು, ‘ಅಲ್ರೀ, ವಾರಕ್ಕೆ ನಾಲ್ಕು ಇಂಟರ್‌ವ್ಯೂ ತಗೋತೀರಲ್ಲ, ಬೇಡ ಅಂದ ಹುಡುಗರಿಗೆ ನಿಮ್ಮ ಕಂಪನಿಯಿಂದ ಏನು ಬರೆದು ಕಳಿಸ್ತಾರೆ?’

ನಮ್ಮ ಎಚ್‌ಆರ್‌ನವರು ಕಳಿಸೋ ಮೇಲ್ ನನಗೆ ಬಾಯಿಪಾಠ ಇದೆ. ಬಹುಶಃ ಎರಡನ್ನೂ ಒಬ್ಬನೇ ಬರೆದಿದ್ದಾನೆ.

ಆಮೇಲೆ ನಾನು ಆ ಕಡೆ ಕೂತವನ ತಲೆಯಿಂದ ಯೋಚನೆ ಮಾಡೋಕೆ ಶುರು ಮಾಡಿದೆ. ನಾನು ಹುಡುಗರನ್ನ ಬೇಡ ಅನ್ನೋದು ಅವರು ದಡ್ಡರು ಅಂತಲ್ಲ, ನಮ್ಮ ಟೀಮಿಗೆ ಬೇಕಿದ್ದ ಆಕಾರದಲ್ಲಿ ಅವರು ಇಲ್ಲ ಅಂತ. ಹಾಗಾದರೆ ಲೈಬ್ರರಿಗೆ ಬೇಕಾದ ಆಕಾರ ಯಾವುದು? ಒಪ್ಪಿಗೆಯಾದ 9ನ್ನೂ ವಾಪಸ್ ಬಂದ 29ನ್ನೂ ಎದುರುಬದುರು ಇಟ್ಟು ಒಂದು ಶನಿವಾರ ಪೂರ್ತಿ ಕೇಳಿದೆ.

ಮೊದಲನೇದು, ವಿಡಿಯೋ ಎಡಿಟರ್‌ಗೆ ಸಂಗೀತ ಅಂದರೆ ಕತ್ತರಿಸೋ ಬಟ್ಟೆ. ನಿಮಿಷಕ್ಕೆ 120 ಬಡಿತದ ಲಯ, ನಾಲ್ಕು ಬಡಿತಕ್ಕೊಂದು ಆವರ್ತ ಅಂದುಕೊಳ್ಳಿ. ಒಂದು ಆವರ್ತ ಸರಿಯಾಗಿ 2 ಸೆಕೆಂಡ್, 15 ಆವರ್ತ ಅಂದರೆ 30 ಸೆಕೆಂಡ್, ಒಂದು ಜಾಹೀರಾತು ಮುಗೀತು. ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು, ಎಲ್ಲಿ ಬೇಕಾದರೂ ಹೊಲಿಗೆ ಹಾಕಬಹುದು. ನಾನು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಆಲಾಪದಿಂದ ಶುರುವಾಗುತ್ತೆ. ಆಲಾಪಕ್ಕೆ ಅಳತೆಪಟ್ಟಿ ಎಲ್ಲಿಂದ ಬರಬೇಕು?

ಎರಡನೇದು ಇನ್ನೂ ಮುಖ್ಯ. ಜಾಹೀರಾತಿನಲ್ಲಿ ಯಾರೋ ಮಾತಾಡ್ತಿರ್ತಾರೆ. ಮನುಷ್ಯನ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸುಮಾರು 1ರಿಂದ 4 ಕಿಲೋಹರ್ಟ್ಸ್ ಮಧ್ಯದ ಜಾಗ ತೆರವಾಗಿರಬೇಕು, ವ್ಯಂಜನಗಳ ಅಂಚೆಲ್ಲ ಇರೋದು ಅಲ್ಲೇ. ನಮ್ಮ ಕಿವಿ ಬಹಳ ಚುರುಕಾಗಿರೋದೂ ಅಲ್ಲೇ. ಕೊಳಲಿನ ಮೇಲಿನ ಸ್ವರಗಳು, ಅದರ ಉಪಸ್ವರಗಳು ಬಂದು ಕೂರೋದೂ ಅದೇ ಬೆಂಚಿನ ಮೇಲೆ. ಗೃಹಸಾಲದ ಬಡ್ಡಿದರ ಹೇಳುವವಳ ಜೊತೆ ನನ್ನ ಕೊಳಲು ಸೀಟಿಗೆ ಜಗಳ ಆಡುತ್ತೆ. ಅವರಿಗೆ ಬೇಕಾದದ್ದು ಕೇಳಿಸಿಕೊಳ್ಳದೆ ಇರೋ ಸಂಗೀತ. ಇದನ್ನ ಹೀಯಾಳಿಸಿ ಹೇಳ್ತಿಲ್ಲ. ಕೇಳಿಸಿಯೂ ಕೇಳಿಸದ ಹಾಗೆ ನುಡಿಸೋದು ದೊಡ್ಡ ವಿದ್ಯೆ, ನಮ್ಮ ಹಳ್ಳಿ ನಾಟಕದ ಹಾರ್ಮೋನಿಯಂ ಮೇಷ್ಟ್ರಿಗೆ ಅದು ಗೊತ್ತಿತ್ತು. ಪಾತ್ರಧಾರಿ ಮಾತು ಮರೆತಾಗ ಮಾತ್ರ ಅವರ ಪೆಟ್ಟಿಗೆ ಎಲ್ಲರಿಗೂ ಕೇಳ್ತಿತ್ತು.

ಹಾರ್ಮೋನಿಯಂ ಅಂದಕೂಡಲೇ ನೆನಪಾಯ್ತು. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ನಿಷೇಧಿಸಿತು. ನಮ್ಮ ಗಮಕ, ಮೀಂಡ್ ಇದರಲ್ಲಿ ಬರಲ್ಲ, ಇದು ಪರದೇಶಿ ಪೆಟ್ಟಿಗೆ ಅನ್ನೋದು ವಾದ. ನಿಷೇಧ ಸಡಿಲ ಆಗಿದ್ದು 1971ರಲ್ಲಿ, ಅದೂ ಪೂರ್ತಿ ಅಲ್ಲ. 31 ವರ್ಷ! ಆ 31 ವರ್ಷ ಹಾರ್ಮೋನಿಯಂ ಏನು ಮಾಡ್ತಿತ್ತು? ಭಜನೆಮನೆಯಲ್ಲಿತ್ತು, ಕಂಪನಿ ನಾಟಕದಲ್ಲಿತ್ತು, ಮದುವೆಮನೆಯಲ್ಲಿತ್ತು. ರೇಡಿಯೋದವರು ಬೇಡ ಅಂದಿದ್ದು ನಮ್ಮೂರಲ್ಲಿ ಯಾರಿಗಾದರೂ ಗೊತ್ತಿತ್ತೋ ಇಲ್ಲವೋ. ಗಮಕ ಬರಲ್ಲ ಅಂತ ಅದನ್ನ ಬೇಡ ಅಂದರು, ಗಮಕ ಜಾಸ್ತಿ ಆಯ್ತು ಅಂತ ಈಗ ನನ್ನದನ್ನ ಬೇಡ ಅಂತಿದ್ದಾರೆ ಅಂದುಕೊಂಡು ನಗೋದು ಸಾಧ್ಯ ಆದ ದಿನಗಳೂ ಇವೆ.

ಎಲ್ಲಾ ದಿನ ಅಲ್ಲ. ಬೀಸೋಕಲ್ಲಿನ ಟ್ರ್ಯಾಕ್ ವಾಪಸ್ ಬಂದ ದಿನ ನಗು ಬರಲಿಲ್ಲ.

ಅಜ್ಜಿ ತೀರಿಕೊಂಡು ಎಂಟು ವರ್ಷ. ನಾನು ಚಿಕ್ಕವನಿದ್ದಾಗ ಊರಿಗೆ ಮಿಲ್ ಬಂದಿತ್ತು, ಆದರೂ ಹುರಿಹಿಟ್ಟಿಗೆ ಮಾತ್ರ ಅಜ್ಜಿಗೆ ಕಲ್ಲೇ ಆಗಬೇಕಿತ್ತು. ಕೋಳಿ ಕೂಗೋ ಹೊತ್ತಿಗೆ ಗೂಟ ಹಿಡಿದು ಕೂತರೆ ಜೊತೆಗೊಂದು ಪದ. ಅದರ ಮಾತು ನನಗೆ ಅರ್ಧಂಬರ್ಧ ನೆನಪಿದೆ, ಧಾಟಿ ಪೂರ್ತಿ ಇದೆ. ಅದನ್ನ ಕೊಳಲಿಗೆ ತಂದೆ. ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಕೈಲಿ ಅದೇ ಕಲ್ಲು ತಿರುಗಿಸಿ, ಆ ಗುರ್‌ರ್ ಸದ್ದನ್ನ ರೆಕಾರ್ಡ್ ಮಾಡಿ ಕೆಳಗೆ ಸೇರಿಸಿದೆ. ಮೂರು ತಿಂಗಳ ಕೆಲಸ. ಒಂಬತ್ತನೇ ದಿನ ಅದೇ ಒಕ್ಕಣೆಯ ಮೇಲ್ ಬಂತು. ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿತ್ತು. ನಿನ್ನದೇನು ಅಪ್ಡೇಟ್ ಅಂತ ಮ್ಯಾನೇಜರ್ ಕೇಳಿದರೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮ್ಯೂಟ್‌ನಲ್ಲಿದೀಯ ಅಂದರು. ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ.

ನಮ್ಮ ಅಜ್ಜೀನ ಬೇಡ ಅಂದರು ಅನ್ನಿಸಿತು, ನಿಜ ಹೇಳಬೇಕೆಂದರೆ. ಅವರು ಅಜ್ಜೀನ ಕಂಡವರಲ್ಲ. ಅವರಿಗೆ ಬಂದಿದ್ದು ಒಂದು ಡಬ್ಲ್ಯೂಎವಿ ಫೈಲು. ತಲೆಗೆ ಗೊತ್ತಾಗುತ್ತೆ, ಎದೆಗೆ ಗೊತ್ತಾಗೋಕೆ ಹದಿನೈದು ದಿನ ಹಿಡೀತು.

ಆ ಹದಿನೈದು ದಿನದಲ್ಲಿ ಒಂದು ಪ್ರಯೋಗವನ್ನೂ ಮಾಡಿ ನೋಡಿದೆ. ಬೀಸೋಕಲ್ಲಿನ ಲಯ ಒಂದೇ ಸಮ ಇರಲ್ಲ. ಒಂದು ಹಿಡಿ ಹೊಸದಾಗಿ ಬಾಯಿಗೆ ಹಾಕಿದಾಗ ಕಲ್ಲು ಭಾರ, ಪದ ನಿಧಾನ. ಹಿಟ್ಟು ಉದುರುತ್ತಾ ಬಂದ ಹಾಗೆ ಕಲ್ಲು ಹಗುರ, ಪದವೂ ಓಡುತ್ತೆ. ಮತ್ತೆ ಒಂದು ಹಿಡಿ, ಮತ್ತೆ ನಿಧಾನ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿ ಇದನ್ನೆಲ್ಲ 120ರ ಚೌಕಕ್ಕೆ ಕೂರಿಸಬಹುದು. ಕೂರಿಸಿದೆ. ಒಂದು ಸ್ವರವೂ ಆಚೀಚೆ ಇಲ್ಲ, ಎಲ್ಲಿ ಬೇಕಾದರೂ ಕತ್ತರಿಸಬಹುದು. ಕೇಳಿದರೆ ಅಜ್ಜೀನ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದಂಗಿತ್ತು. ಹೆಂಡತಿ ಪೂರ್ತಿ ಕೇಳಿ, ‘ಚೆನ್ನಾಗಿದೆ, ಯಾರದು?’ ಅಂದಳು. ಅದನ್ನ ಕಳಿಸಲಿಲ್ಲ.

ಒಪ್ಪಿಗೆಯಾದವುಗಳ ಕತೆ ಕೇಳಿ. 9ರಲ್ಲಿ ಹೆಚ್ಚು ಬಾಡಿಗೆಗೆ ಹೋಗಿರೋದು ಯುಕುಲೆಲೆ, ಚಪ್ಪಾಳೆ, ಸಿಳ್ಳೆ ಇರೋ ಒಂದು ಪೀಸು. ಒಂದು ಭಾನುವಾರ ಚಿಕನ್ ಬೇಯೋ ಹೊತ್ತಿಗೆ ಮುಗಿಸಿದ್ದೆ. ಹೋದ ವರ್ಷ ಫೇಸ್‌ಬುಕ್ಕಿನಲ್ಲಿ ಒಂದು ಲೇಔಟಿನ ಜಾಹೀರಾತು ಬಂತು, ಡ್ರೋನು ಮೇಲಿಂದ ಸುತ್ತುತ್ತಾ ಸೈಟುಗಳ ಕಲ್ಲು ತೋರಿಸ್ತಿದೆ, ಹಿಂದೆ ನನ್ನ ಸಿಳ್ಳೆ. ಆ ಕಲ್ಲುಗಳ ಆಚೆ ಇನ್ನೂ ನಾಲ್ಕು ಸಾಲು ರಾಗಿ ಪೈರು ಇತ್ತು. ನನಗೆ ಅದರಿಂದ ಬಂದ ದುಡ್ಡಲ್ಲಿ ಎರಡು ಮಸಾಲೆದೋಸೆ ಬರ್ತಿತ್ತು, ಕಾಫಿ ಇಲ್ಲ. ಸಿಳ್ಳೆಯ ಮೇಲೆ ನನಗೆ ಸಿಟ್ಟಿಲ್ಲ. ಮೈಕಿನ ಕಂತಿನಲ್ಲಿ ಅರ್ಧ ಅದೇ ಕಟ್ಟಿದೆ.

ಈ ನಡುವೆ ಕಾನೂನಿನ ಒಂದು ಸಣ್ಣ ವಿಷಯ ನನ್ನನ್ನ ಬಹಳ ಸಮಾಧಾನ ಮಾಡಿದೆ. ಲೈಬ್ರರಿಗಳಲ್ಲಿ ಕೆಲವು ‘ಎಕ್ಸ್‌ಕ್ಲೂಸಿವ್’. ಒಪ್ಪಿಗೆಯಾದರೆ ಒಪ್ಪಂದ ಇರೋವರೆಗೆ ಬೇರೆಲ್ಲೂ ಕೊಡೋ ಹಾಗಿಲ್ಲ. ಒಂದು ಟ್ರ್ಯಾಕಿನಲ್ಲಿ ಎರಡು ಹಕ್ಕು ಇರುತ್ತೆ, ರಾಗ ಹಾಕಿದ್ದರದ್ದು ಒಂದು, ರೆಕಾರ್ಡಿಂಗಿನದು ಇನ್ನೊಂದು. ಬೇಡ ಅಂತ ವಾಪಸ್ ಬಂದ ಪೀಸು ಈ ಎರಡನ್ನೂ ಹೊತ್ತುಕೊಂಡು ಇಡಿಯಾಗಿ ಬರುತ್ತೆ. ಅದಕ್ಕೇ ನನ್ನ ಶೀಟಿನಲ್ಲಿ ‘ರಿಜೆಕ್ಟೆಡ್’ ಅನ್ನೋ ಕಾಲಮ್ ತೆಗೆದು ‘ಮುಂದೆ ಎಲ್ಲಿಗೆ’ ಅಂತ ಹಾಕಿದ್ದೀನಿ. ಮೇಲ್ ಬಂದ ದಿನ ಏನನ್ನೂ ಮುಟ್ಟಲ್ಲ. ಮಾರನೇ ದಿನ ಆ ಕಾಲಮ್ ತುಂಬಿಸ್ತೀನಿ. ಬಹಳ ಸಣ್ಣ ಉಪಾಯ, ನನಗೆ ಕೆಲಸ ಮಾಡಿದೆ.

ಇನ್ನೊಂದು ಇದೆ. ಯಾವುದಾದರೂ ಎಡವಟ್ಟಿನ ವಿಡಿಯೋ ಕೊನೆಗೆ ಬರೋ ಪೋಂ ಪೋಂ ಅನ್ನೋ ಟ್ಯೂಬಾ ಸಂಗೀತ, ‘ಡೈರೆಕ್ಟೆಡ್ ಬೈ’ ಅಂತ ಹೆಸರು ಬರುತ್ತಲ್ಲ, ನಿಮ್ಮ ಆಫೀಸ್ ವಾಟ್ಸಾಪ್ ಗ್ರೂಪಲ್ಲೂ ಬಂದಿರುತ್ತೆ. ಅದರ ಹೆಸರು ‘ಫ್ರಾಲಿಕ್’. ಇಟಲಿಯ ಲೂಚಾನೊ ಮಿಕೆಲಿನಿ 1974ರ ಒಂದು ಇಟಾಲಿಯನ್ ಸಿನಿಮಾಕ್ಕೆ ಮಾಡಿದ್ದು. ಅಮೆರಿಕದ ಲ್ಯಾರಿ ಡೇವಿಡ್ ಅದನ್ನ ಒಂದು ಬ್ಯಾಂಕಿನ ಜಾಹೀರಾತಿನಲ್ಲಿ ಕೇಳಿ, ಮನಸ್ಸಲ್ಲಿಟ್ಟುಕೊಂಡು, 2000ದಲ್ಲಿ ಶುರುವಾದ ತನ್ನ ಟೀವಿ ಸರಣಿಗೆ ಹಾಕಿಕೊಂಡ. 26 ವರ್ಷ.

ಇದನ್ನ ಅಪ್ಪನಿಗೂ ಹೇಳಿದೆ. ಅವನೇನೂ ಬೆರಗಾಗಲಿಲ್ಲ. ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡೋಕೆ ಕಾಯನ್ನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನೋವರೆಗೆ ಯಾರೂ ಮುಟ್ಟಲ್ಲ. ರೇಟ್ ಬಿದ್ದಿದ್ದರೆ ಇನ್ನೂ ಸ್ವಲ್ಪ ದಿನ. ‘ಅಟ್ಟದ ಮ್ಯಾಲೆ ಇರ್ಲಿ ಬುಡ್ಲಾ,’ ಅಂದ. ‘ಕಾಯೇನು ಅನ್ನ ಕೇಳುತ್ತಾ?’

ಎಲ್ಲ ಕಾಯೂ ಕೊಬ್ಬರಿ ಆಗಲ್ಲ, ಕೆಲವು ಕೌಟು ಹಿಡಿಯುತ್ತೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಬೀಸೋಕಲ್ಲು ಎರಡನೇ ಕಡೆಯಿಂದಲೂ ವಾಪಸ್ ಬಂತು. ಮೂರನೇ ಕಡೆ ಉತ್ತರ ಇಲ್ಲ. ಹೋದ ವಾರ ನಾಲ್ಕನೇ ಕಡೆ, ಸಾಕ್ಷ್ಯಚಿತ್ರಗಳಿಗೆ ಸಂಗೀತ ಕೊಡೋ ಒಂದು ಲೈಬ್ರರಿಗೆ, ಫಾರಂ ತುಂಬಿಸ್ತಾ ಕೂತಿದ್ದೆ. ‘ಮೂಡ್’ ಅಂತ ಒಂದು ಖಾನೆ. ಹಿಂದಿನ ಮೂರೂ ಕಡೆ ಶಾಂತ, ಪ್ರಶಾಂತ, ಹಳೆಯ ನೆನಪು ಅನ್ನೋದನ್ನೇ ಆರಿಸಿದ್ದೆ. ಅನುಮಾನ ಬಂದು ಅಮ್ಮನಿಗೆ ಫೋನ್ ಮಾಡಿ, ಆ ಪದದ ಅರ್ಥ ಏನಮ್ಮ ಅಂತ ಕೇಳಿದೆ.

ಅಮ್ಮ ನಗೋಕೆ ಶುರು ಮಾಡಿದಳು. ‘ಅದಾ? ಅವರತ್ತೇನ ಬೈಯ್ಯೋ ಪದ ಕಣಪ್ಪ ಅದು. ಅತ್ತೆ ಹೋಗಿ ನಲವತ್ತು ವರ್ಷ ಆದ್ರೂ ಬಿಟ್ಟಿರಲಿಲ್ಲ ನಿಮ್ಮಜ್ಜಿ. ಬೈದಷ್ಟೂ ಹಿಟ್ಟು ನುಣ್ಣಗೆ ಬರ್ತಿತ್ತು.’

ಪಟ್ಟಿಯಲ್ಲಿ ಸಿಟ್ಟಿಗೂ ಒಂದು ಮೂಡ್ ಇತ್ತು. ಅದರ ಕೆಳಗೆ ಅವರು ಮಾದರಿಗೆ ಅಂತ ಇಟ್ಟಿದ್ದೆಲ್ಲ ಕರೆಂಟ್ ಗಿಟಾರು, ಡ್ರಮ್ಸು. ಆಗಲಿ ಅಂತ ಅದನ್ನೇ ಆರಿಸಿ, ಸಬ್ಮಿಟ್ ಒತ್ತಿದೆ. ಮೂರು ವಾರದೊಳಗೆ ತಿಳಿಸ್ತೀವಿ ಅಂದಿದ್ದಾರೆ.