ಮೂಲ ಮೊದಲು, ಟೀಕೆ ಆಮೇಲೆ

ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಹಿರಿಯರು ಮಾಡುವ ತಪ್ಪುಗಳು ಬಹುಮಟ್ಟಿಗೆ ಪ್ರೀತಿಯಿಂದಲೇ ಹುಟ್ಟುತ್ತವೆ. ಅಂಥದೊಂದು ತಪ್ಪನ್ನು ನಾವೂ ಮಾಡಿದೆವು. ಮುಚ್ಚಿಡದೆ ಹೇಳಿದರೆ ಇತರ ಮನೆಗಳಿಗೆ ಉಪಯೋಗವಾದೀತೆಂದು ಈ ಬರಹ.

ನಮ್ಮ ತಮ್ಮನ ಮಗಳು ಪದವಿ ಮುಗಿಸಿ ಮೈಸೂರಿನಲ್ಲಿ ಮೂರು ವರ್ಷದ ಕಾನೂನು ವ್ಯಾಸಂಗಕ್ಕೆ ಸೇರಿದಳು. ವಾಸ ಹೂಟಗಳ್ಳಿಯ ನಮ್ಮ ಮನೆಯಲ್ಲಿ. ರಾತ್ರಿ ಪಾಳಿ ಮುಗಿಸಿ ನಗರಕ್ಕೆ ಮರಳುವ ಕಾರ್ಖಾನೆಯ ಕೆಲಸಗಾರರೊಡನೆ ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಾಳೆ. ನಮ್ಮ ವಂಶದಲ್ಲಿ ಕಾನೂನು ಓದುತ್ತಿರುವವಳು ಅವಳೇ ಮೊದಲಿಗಳು. ಒಂದು ಬದುವಿನ ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ನಮ್ಮ ತಮ್ಮನಿಗೆ, ಮನೆಯಲ್ಲೊಬ್ಬ ವಕೀಲೆ ಇರಬೇಕೆಂಬ ಆಸೆ. ಅವನ ಖರ್ಚು ಉಳಿಯಲೆಂದು ನಾವು ಹಳೆಯ ಪುಸ್ತಕದಂಗಡಿಯಿಂದ ಒಂದು ಕಟ್ಟು ಗೈಡುಗಳನ್ನು ಕೊಂಡು ತಂದೆವು. 'ಕಾಗದ ಹಳತಾದರೆ ವಿದ್ಯೆ ಹಳತಾಗುವುದೇ?' ಎಂದು ಉಪದೇಶವನ್ನೂ ಮಾಡಿದೆವು.

ಒಂದು ತಿಂಗಳು ಕಳೆದಿರಲಿಲ್ಲ. ತರಗತಿಯಲ್ಲಿ ಪ್ರಾಧ್ಯಾಪಕರು, 'ಕಳೆದ ವಾರ ನಡೆದ ಒಂದು ಕೊಲೆಗೆ ಯಾವ ಕಲಮಿನಡಿ ಶಿಕ್ಷೆ?' ಎಂದು ಕೇಳಿದರಂತೆ. ಇವಳು ಎದ್ದು ನಿಂತು, ಗೈಡಿನಲ್ಲಿದ್ದಂತೆ 302 ಎಂದಳು. ತರಗತಿ ನಕ್ಕಿತು. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಕೊಲೆಯ ಶಿಕ್ಷೆಯ ಕಲಂ 103. ವಂಚನೆಯ 420 ಈಗ 318. 511 ಕಲಮುಗಳಿದ್ದಲ್ಲಿ ಈಗ 358. ದಂಡ ಪ್ರಕ್ರಿಯಾ ಸಂಹಿತೆಗೂ ಸಾಕ್ಷ್ಯ ಅಧಿನಿಯಮಕ್ಕೂ ಅಂದೇ ಹೊಸವು ಬಂದವು. ನಾವು ತಂದ ಕಟ್ಟು ಅದಕ್ಕಿಂತ ಹಿಂದಿನದು.

ಅಂದು ಸಂಜೆ ಅವಳು ಊಟಕ್ಕೆ ಏಳಲಿಲ್ಲ. 'ದೊಡ್ಡಪ್ಪಾ, ಈ ಓದು ನನ್ನಿಂದಾಗದು. ಅಪ್ಪನಿಗೆ ನೀವೇ ಹೇಳಿಬಿಡಿ' ಎಂದಳು. 'ತಪ್ಪು ನಿನ್ನದಲ್ಲ ತಾಯಿ, ನಮ್ಮದು' ಎಂದೆವು. ಅಷ್ಟರಿಂದ ಅವಳ ದುಃಖ ಇಳಿಯಲಿಲ್ಲ. ನಮಗೂ ನಿದ್ದೆ ಬರಲಿಲ್ಲ.

ಆ ರಾತ್ರಿ ನಮ್ಮ ಮಠದ ದಿನಗಳು ನೆನಪಾದವು. ಸಿದ್ಧಾಂತ ಶಿಖಾಮಣಿಯನ್ನು ಮರಿತೋಂಟದಾರ್ಯರ ತತ್ತ್ವಪ್ರದೀಪಿಕಾ ವ್ಯಾಖ್ಯಾನದೊಡನೆ ಓದುತ್ತಿದ್ದ ಕಾಲ. ಶ್ಲೋಕದ ಅನ್ವಯವನ್ನು ನಾವೇ ಮಾಡುವವರೆಗೆ ಗುರುಗಳು ವ್ಯಾಖ್ಯಾನದ ಪುಟ ತೆರೆಯಗೊಡುತ್ತಿರಲಿಲ್ಲ. ಒಮ್ಮೆ ನಾವು ಕದ್ದು ವ್ಯಾಖ್ಯಾನವನ್ನೇ ಕಂಠಪಾಠ ಮಾಡಿ ನಿರರ್ಗಳವಾಗಿ ಒಪ್ಪಿಸಿದೆವು. ಗುರುಗಳು ಮೂಲದ ಒಂದೇ ಪದದ ಮೇಲೆ ಬೆರಳಿಟ್ಟು 'ಇದು ಯಾವ ವಿಭಕ್ತಿ?' ಎಂದರು. ನಮ್ಮ ಬಾಯಿ ಕಟ್ಟಿತು. ಇಷ್ಟನ್ನು ಕಲಿತಿದ್ದ ನಾವೇ ಮಗುವಿಗೆ ಮೂಲವಿಲ್ಲದೆ ಟೀಕೆಯ ಕಟ್ಟು ತಂದುಕೊಟ್ಟಿದ್ದೆವಲ್ಲ!

ಮರುದಿನ ಹೊಸ ಮುದ್ರಣದ ಮೂಲ ಅಧಿನಿಯಮಗಳನ್ನು ಕೊಂಡು ತಂದೆವು. ಕೊಳ್ಳಲಾಗದವರಿಗೆ ಸರ್ಕಾರದ 'ಇಂಡಿಯಾ ಕೋಡ್' ಜಾಲತಾಣದಲ್ಲಿ ಕೇಂದ್ರದ ಅಧಿನಿಯಮಗಳು ಉಚಿತವಾಗಿ ದೊರೆಯುತ್ತವೆ. 1872ರ ಕರಾರು ಅಧಿನಿಯಮವನ್ನು ನಾವಿಬ್ಬರೂ ಕೂಡಿ ಓದಿದೆವು. ಅನೇಕ ಕಲಮುಗಳ ಕೆಳಗೆ ಶಾಸನಕಾರರೇ ದೃಷ್ಟಾಂತಗಳನ್ನು ಕೊಟ್ಟಿದ್ದಾರೆ. ಮೊದಲ ಟೀಕೆ ಮೂಲದಲ್ಲಿಯೇ ಇದೆ. ಗೈಡನ್ನು ಆರಿಸುವ ಬಗೆಯೂ ಆಗ ತಿಳಿಯಿತು. ಮುದ್ರಣದ ವರ್ಷವನ್ನು ನೋಡಬೇಕು. ನಾವು ಆಗಲೇ ಓದಿರುವ ಒಂದು ಕಲಮನ್ನು ಅದರಲ್ಲಿ ತೆರೆದು ನೋಡಬೇಕು. ನಮಗೆ ತೊಡಕಾದದ್ದನ್ನು ಬಿಡಿಸಿದ್ದರೆ ಕೊಳ್ಳಬೇಕು. ಕಲಮಿನ ಮಾತನ್ನೇ ತಿರುಗಿಸಿ ಹೇಳಿದ್ದರೆ ಅಲ್ಲಿಯೇ ಇಡಬೇಕು. ವಿಷಯಕ್ಕೊಂದು ಸಾಕು, ಐದು ಬೇಡ.

ತೀರ್ಪುಗಳ ವಿಷಯದಲ್ಲಿ ಗೈಡು ಇನ್ನೂ ಅಪಾಯಕರ. 1913ರ ಲಾಲ್ಮನ್ ಶುಕ್ಲ - ಗೌರಿ ದತ್ತ ಮೊಕದ್ದಮೆಯನ್ನು ಮೊದಲ ವರ್ಷದವರೆಲ್ಲರೂ ಓದುತ್ತಾರೆ. ಯಜಮಾನನ ಕಡೆಯ ಹುಡುಗ ಕಾಣೆಯಾದ. ಹುಡುಕಲು ಗುಮಾಸ್ತನನ್ನು ಹರಿದ್ವಾರಕ್ಕೆ ಕಳುಹಿಸಿದ ಮೇಲೆ, ಯಜಮಾನ ಬಹುಮಾನದ ಕರಪತ್ರ ಹೊರಡಿಸಿದ. ಗುಮಾಸ್ತ ಹುಡುಗನನ್ನು ಪತ್ತೆಹಚ್ಚಿದ, ಬಹುಮಾನ ಸಿಗಲಿಲ್ಲ. 'ಪ್ರಸ್ತಾಪ ತಿಳಿಯದವನು ಅದನ್ನು ಅಂಗೀಕರಿಸಲಾರ' ಎಂಬಲ್ಲಿಗೆ ಇವಳ ಗೈಡು ಮುಗಿಯುತ್ತದೆ. ಅಲಹಾಬಾದ್ ಹೈಕೋರ್ಟಿನ ತೀರ್ಪನ್ನು ಓದಿದರೆ ಇನ್ನೊಂದು ಕಾರಣವುಂಟು: ಹುಡುಕುವ ಹೊಣೆಯನ್ನು ಅವನು ಬಹುಮಾನಕ್ಕೆ ಮೊದಲೇ ಹೊತ್ತಿದ್ದನು, ಆದುದರಿಂದ ಆ ಕೆಲಸ ಹೊಸ ವಾಗ್ದಾನಕ್ಕೆ ಪ್ರತಿಫಲವೆನಿಸದು. 'ಹುಡುಗ ಸಿಗುವ ಮುನ್ನವೇ ಕರಪತ್ರದ ವಿಷಯ ಅವನಿಗೆ ಗೊತ್ತಾಗಿದ್ದರೆ?' ಎಂದು ಪ್ರಾಧ್ಯಾಪಕರು ಕೇಳಿದರೆ, ಗೈಡನ್ನು ನಂಬಿದವಳು 'ಬಹುಮಾನ ಸಿಗುತ್ತಿತ್ತು' ಎಂದಾಳು. ತೀರ್ಪನ್ನು ಓದಿದವಳು ಅಲ್ಲಿ ತಡೆದು ನಿಲ್ಲುತ್ತಾಳೆ.

ಇಂಥ ಪ್ರಶ್ನೆಗಳಿಗೆ ಸಿದ್ಧಳಾಗಲು ಮೀಮಾಂಸೆಯ ಅಧಿಕರಣದ ಐದು ಅಂಗಗಳನ್ನು ಅವಳಿಗೆ ಹೇಳಿಕೊಟ್ಟೆವು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ನಡೆದದ್ದೇನು, ಪ್ರಶ್ನೆಯೇನು, ಸೋತವರ ವಾದವೇನು, ನಿರ್ಣಯ ಮತ್ತು ಅದರ ಕಾರಣವೇನು, ಹಿಂದೆ ಓದಿದ ನಿಯಮಕ್ಕೆ ಅದು ಹೇಗೆ ಹೊಂದುತ್ತದೆ. ಪ್ರತಿ ತೀರ್ಪಿಗೂ ಒಂದು ಪುಟ. ಬಹಳ ಮಕ್ಕಳು ಪೂರ್ವಪಕ್ಷವನ್ನು ಬಿಟ್ಟುಬಿಡುತ್ತಾರೆ; ಅಧ್ಯಾಪಕರ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ ಅವಮಾನವಲ್ಲವೆಂಬುದು ಶರಣರ ಮನೆಗಳಿಗೆ ಹೊಸ ಮಾತಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಎಷ್ಟು ಕಠಿಣವಾಗಿ ಪರೀಕ್ಷಿಸುತ್ತಾರೆ! ಅಕ್ಕ ಎರವಲು ಮಾತಿನಿಂದ ಉತ್ತರಿಸಲಿಲ್ಲ.

ಅವಳು ಓದು ಬಿಡಲಿಲ್ಲ. ತರಗತಿಯಲ್ಲಿ ಈಗಲೂ ಕೆಲವೊಮ್ಮೆ ತಪ್ಪು ಉತ್ತರ ಹೇಳುತ್ತಾಳೆ. ಎಲ್ಲಿ ತಪ್ಪಿತೆಂದು ಸಂಜೆ ತಾನೇ ಹೇಳುತ್ತಾಳೆ. ನಾವು ತಂದ ಹಳೆಯ ಕಟ್ಟನ್ನು ಎಸೆಯಹೊರಟಾಗ ತಡೆದವಳೂ ಅವಳೇ. 'ಜುಲೈ ಒಂದಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅಲ್ಲವೇ, ದೊಡ್ಡಪ್ಪಾ? ಇರಲಿ ಬಿಡಿ' ಎಂದು, ಮೇಲೊಂದು ಚೀಟಿ ಅಂಟಿಸಿ ದಿನಾಂಕ ಬರೆದಿಟ್ಟಿದ್ದಾಳೆ.